ಹೊಟ್ಟೆಯ ಮಟ್ಟಕ್ಕೊಂದು ಥರ್ಮಾಮೀಟರ್

ಮಾರ್ಚ್ 3

ಪ್ರೀತಿಯ ಮೊಂಡಿಗೆ,

ಈ ಪೊಟ್ಟಣದಲ್ಲಿ ಒಂದು ಥರ್ಮಾಮೀಟರ್ ಇದೆ. ನಾಲಿಗೆ ಕೆಳಗೆ ಇಟ್ಟುಕೊಳ್ಳಬೇಡ. ಇದು ಗೋಡೆಗೆ ತೂಗುಹಾಕುವಂಥದ್ದು, ಕೋಣೆಯ ಜ್ವರ ನೋಡುವುದಕ್ಕೆ. ಜೊತೆಗೆ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದ ಶಾಯಿ ಪೆನ್ನೂ ಇದೆ. ಥರ್ಮಾಮೀಟರ್ ಆಸ್ಪತ್ರೆಯ ಎದುರಿನ ಅಂಗಡಿಯದು, ಒಡೆದರೂ ಚಿಂತೆಯಿಲ್ಲ. ಪೆನ್ನು ಕಳೆದರೆ ಮಾತ್ರ ನಾನು ನಿನ್ನ ಅಕ್ಕನಲ್ಲ.

ಫೋನ್ ಇರುವಾಗ ಕಾಗದವೇಕೆ ಎಂದು ಮೂಗು ಮುರಿಯಬೇಡ. ಫೋನಿನಲ್ಲಿ ನೀನು "ಚೆನ್ನಾಗಿದ್ದೀನಿ ಅಕ್ಕ" ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದ ದಾಖಲೆ ಇಲ್ಲ. ಹೋದ ವರ್ಷ ಮೇ ತಿಂಗಳಲ್ಲೂ ಅದನ್ನೇ ಅಂದಿದ್ದೆ. ಮೂರನೇ ದಿನಕ್ಕೆ ನಿನ್ನ ಏಳು ತಿಂಗಳ ಮಗಳು ಹೊಟ್ಟೆಯೊಳಗೇ ಹೋಗಿಬಿಟ್ಟಳು. ಕಾರಣ ತಿಳಿಯದು ಎಂದು ಡಾಕ್ಟರು ಬರೆದರು. ನಾನೂ ಆಣೆ ಮಾಡಿ ಹೇಳಲಾರೆ. ಆದರೆ ಹದಿನೆಂಟು ವರ್ಷದಿಂದ ಹೆರಿಗೆ ನೋಡುತ್ತಿರುವ ನರ್ಸ್ ನಾನು. ಬಿಸಿಲು ಏರಿದ ವಾರಗಳಲ್ಲಿ ತಿಂಗಳು ತುಂಬದೆ ಬರುವ ಮಕ್ಕಳೂ, ಬಾರದೇ ಹೋಗುವ ಮಕ್ಕಳೂ ಹೆಚ್ಚು ಎನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಆ ವಾರ ನಿಮ್ಮೂರಿನಲ್ಲಿ ಬೀದಿಯ ಡಾಂಬರಿಗೆ ಚಪ್ಪಲಿ ಅಂಟುತ್ತಿತ್ತು ಎಂದು ನೀನೇ ನಗುತ್ತಾ ಹೇಳಿದ್ದೆ.

ಈ ಸಲ ನಿನ್ನ ಹೆರಿಗೆಯಾಗುವ ಜೂನ್ ತನಕ ನಾವಿಬ್ಬರೂ ಸೇರಿ ಬೇಸಿಗೆಯನ್ನು ಕಾಯೋಣ, ಅದು ನಮ್ಮನ್ನು ಕಾಯಿಸುವುದು ಬೇಡ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಷ್ಟು ಡಿಗ್ರಿ ಎಂದು ಬರೆದು ಕಳಿಸು. ನೀನು ಸುಳ್ಳು ಹೇಳಬಹುದು, ಪಾಪ ಆ ಪಾದರಸಕ್ಕೆ ಆ ವಿದ್ಯೆ ಬಾರದು.

ನಿನ್ನ ಅಕ್ಕ

*

ಮಾರ್ಚ್ 14

ನಮ್ಮ ಮನೆಯ ಸರ್ವಾಧಿಕಾರಿಣಿಗೆ ನಮಸ್ಕಾರ,

ಪೆನ್ನು ಸುರಕ್ಷಿತ. ಥರ್ಮಾಮೀಟರ್ ತೂಗುಹಾಕಿದೆ. ಬೆಳಿಗ್ಗೆ ಇಪ್ಪತ್ತೆಂಟು, ಮಧ್ಯಾಹ್ನ ಮೂವತ್ತು, ಸಂಜೆ ಮೂವತ್ತು. ಒಂದು ವಾರದಿಂದ ಹೆಚ್ಚುಕಡಿಮೆ ಇದೇ. ಇಷ್ಟು ಶಿಸ್ತಿನ ಹವಾಮಾನ ನಿನ್ನ ವಾರ್ಡಿನಲ್ಲೂ ಇರಲಾರದು.

ಗಾರ್ಮೆಂಟ್ಸಿನಲ್ಲಿ ಇನ್ನೂ ಇಸ್ತ್ರಿ ವಿಭಾಗವೇ. ಹನ್ನೆರಡು ಇಸ್ತ್ರಿ, ಹನ್ನೆರಡು ಸ್ತ್ರೀ. ಆದರೆ ಹೆದರಬೇಡ, ಸೂಪರ್‌ವೈಸರ್ ನನ್ನನ್ನು ಅಂಗಿ ಮಡಿಸುವ ಮೇಜಿಗೆ ಹಾಕಿದ್ದಾರೆ. ಕೂತು ಮಾಡುವ ಕೆಲಸ. ಪಕ್ಕದಲ್ಲಿ ಕನ್ನಡಕದಕ್ಕ ಇದ್ದಾರೆ, ನಮ್ಮೆಲ್ಲರಿಗಿಂತ ಹಿರಿಯರು. ಅವರ ಕನ್ನಡಕ ಹಬೆಗೆ ಯಾವಾಗಲೂ ಮಂಜು ಕಟ್ಟಿರುತ್ತದೆ. "ನಂಗೆ ಪ್ರಪಂಚ ಕಾಣದಿದ್ರೇ ಒಳ್ಳೇದು, ಬಿಡಮ್ಮ" ಎನ್ನುತ್ತಾರೆ.

ನಮ್ಮ ಯಜಮಾನರು ಲಾರಿಯೊಂದಿಗೆ ಹೋದವರು ಇನ್ನೂ ಮೂರು ವಾರ ಬರುವುದಿಲ್ಲ. ಮನೆಯಲ್ಲಿ ನಾನು, ಸೀಲಿಂಗ್ ಫ್ಯಾನು, ಮತ್ತು ಒಳಗಿನಿಂದ ಒದೆಯುವವರು. ಮೂವರಲ್ಲಿ ಫ್ಯಾನೇ ಸೋಮಾರಿ.

ನಿನ್ನ ವಾರ್ಡಿನಲ್ಲಿ ಎಷ್ಟು ಡಿಗ್ರಿ? ಊರಿಗೆಲ್ಲ ಬುದ್ಧಿ ಹೇಳುತ್ತೀಯಲ್ಲ.

ಚೆನ್ನಾಗಿರುವ ತಂಗಿ

*

ಮಾರ್ಚ್ 25

ಮೊಂಡಿ,

ನನ್ನ ವಾರ್ಡು ಮೂವತ್ತೊಂದು. ರಿಜಿಸ್ಟರ್ ತೆರೆದಿಟ್ಟುಕೊಂಡೇ ಬರೆಯುತ್ತಿದ್ದೇನೆ. ದಿನಕ್ಕೆ ಮೂರು ಸಲ, ಆರು ವರ್ಷದಿಂದ, ನನ್ನದೇ ಅಕ್ಷರ. ಮೂರನೇ ಮಹಡಿಯಲ್ಲಿ, ನೇರ ಬಿಸಿಲಿನ ತಾರಸಿಯ ಕೆಳಗಿದ್ದೂ ಮೂವತ್ತೊಂದು! ನಮ್ಮ ವಾರ್ಡಿಗೆ ಒಂದು ಪದಕ ಕೊಡಬೇಕು.

ಇಷ್ಟು ತಣ್ಣಗಿದ್ದರೂ ಈ ವಾರ ನಾಲ್ಕು ಹಸುಗೂಸುಗಳಿಗೆ ಜ್ವರ. ಹಾಲು ಸರಿಯಾಗಿ ಕುಡಿಯುತ್ತಿಲ್ಲ, ಚೆಡ್ಡಿ ಒದ್ದೆ ಮಾಡುವುದೂ ಕಡಿಮೆ. ಡಾಕ್ಟರು ಸೋಂಕು ಹುಡುಕಿ ಹುಡುಕಿ ಸುಸ್ತಾಗಿದ್ದಾರೆ, ರಕ್ತಪರೀಕ್ಷೆಯಲ್ಲಿ ಏನೂ ಸಿಗುತ್ತಿಲ್ಲ. ನಮ್ಮ ಆಯಾ ಅಂತೂ ಮಕ್ಕಳನ್ನು ಮೂರು ಸುತ್ತು ಬಟ್ಟೆಯಲ್ಲಿ ಹೇಗೆ ಸುತ್ತುತ್ತಾರೆಂದರೆ ಮೇಲೊಂದು ವಿಳಾಸ ಬರೆದು ಅಂಚೆಗೆ ಹಾಕಬಹುದು. ಅದಕ್ಕೇ ಎಲ್ಲರೂ ಅವರನ್ನು ಪೊಟ್ಟಣದಜ್ಜಿ ಎನ್ನುವುದು.

ಈಗ ನಿನ್ನ ವಿಷಯ. ನಿನ್ನ ಕಾಗದದಲ್ಲಿ ಮೂರು ಕಡೆ ಶಾಯಿ ಹರಡಿದೆ. ಮೂವತ್ತು ಡಿಗ್ರಿಯಲ್ಲಿ ನೀನು ಬೆವರುವವಳಲ್ಲ; ಶಾಲೆಯ ಓಟದ ಪಂದ್ಯ ಮುಗಿಸಿ ಬಂದರೂ ನಿನ್ನ ಹಣೆ ಒಣಗಿರುತ್ತಿತ್ತು. ಹಾಗಾದರೆ ಅತ್ತಿದ್ದೀಯ. ಅಳು, ತಪ್ಪಿಲ್ಲ. ಹೋದವಳನ್ನು ನೆನೆದರೆ ಈಗ ಬರುವವರಿಗೆ ಅವಮಾನವೇನೂ ಆಗುವುದಿಲ್ಲ. ಆದರೆ ಒಬ್ಬಳೇ ಕೂತು ಅಳಬೇಡ. ಅಳತೆ ಬರೆದು ಕಳಿಸುವ ಹಾಗೆ ಅಳುವನ್ನೂ ಬರೆದು ಕಳಿಸು.

ಅಕ್ಕ

*

ಏಪ್ರಿಲ್ 6

ಅಕ್ಕ,

ಅದು ಕಣ್ಣೀರಲ್ಲ. ಬೆವರು.

ನೀನು ಬರೆದ ಸಾಂತ್ವನ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ಸುಳ್ಳು ಹೇಳಿ ಗಿಟ್ಟಿಸಿಕೊಂಡೆನಲ್ಲ ಎಂದು ನಾಚಿಕೆಯಾಯಿತು. ಎರಡು ದಿನ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡೆ, ಆಮೇಲೆ ತಡೆಯಲಾಗಲಿಲ್ಲ.

ಥರ್ಮಾಮೀಟರನ್ನು ನಾನು ತೂಗುಹಾಕಿದ್ದು ಬಚ್ಚಲ ಬಾಗಿಲ ಪಕ್ಕ, ನೀರಿನ ಡ್ರಮ್ಮಿನ ಮೇಲೆ, ಒದ್ದೆ ಟವೆಲ್ ಒಣಹಾಕುವ ಮೊಳೆಗೆ. ಇಡೀ ಕೋಣೆಯಲ್ಲಿ ತಂಪಾದ ಜಾಗ ಅದೊಂದೇ. ಮೊದಲ ದಿನ ಹಾಸಿಗೆಯ ಬಳಿ ನೋಡಿದಾಗ ಮೂವತ್ತೊಂಬತ್ತು ಇತ್ತು. ಈ ಅಂಕಿ ಕಂಡರೆ ನೀನು ಕೆಲಸ ಬಿಟ್ಟು ಓಡಿ ಬರುತ್ತೀಯ ಎಂದು ಅದನ್ನು ಅಲ್ಲಿಗೆ ಸಾಗಿಸಿದೆ. ನಿಜ ಹೇಳುವ ಥರ್ಮಾಮೀಟರಿಗೆ ಸುಳ್ಳಿನ ಜಾಗ ಕೊಟ್ಟೆ. ಥರ್ಮಾಮೀಟರ್ ಚೆನ್ನಾಗಿಯೇ ಇದೆ ಅಕ್ಕ, ನಾನು ಮಾತ್ರ ಅದರ ಪಕ್ಕದಲ್ಲಿಲ್ಲ.

ಮಡಿಸುವ ಮೇಜೂ ಸುಳ್ಳು. ಸೂಪರ್‌ವೈಸರನ್ನು ಕುರ್ಚಿ ಕೇಳಿದ್ದು ನಿಜ. "ಕುರ್ಚಿ ನಿಮ್ಮನೇಲಿ ಇಲ್ವೇನಮ್ಮ? ಅಲ್ಲೇ ಕೂತ್ಕೋ" ಎಂದರು. ಮತ್ತೆ ಕೇಳಲಿಲ್ಲ. ಮೊನ್ನೆ ಥರ್ಮಾಮೀಟರನ್ನು ಚೀಲದಲ್ಲಿ ಒಯ್ದು ನನ್ನ ಇಸ್ತ್ರಿ ಮೇಜಿನ ಅಂಚಿಗೆ ಕಟ್ಟಿ ನೋಡಿದೆ. ನಲವತ್ತೆರಡು.

ಇನ್ನೊಂದು ಇದೆ. ಇದನ್ನು ಯಾರಿಗೂ ಹೇಳಿಲ್ಲ, ನಮ್ಮ ಯಜಮಾನರಿಗೂ. ಹೋದ ವರ್ಷ ಅವಳು ಒದೆಯುವುದು ಕಡಿಮೆಯಾಗಿದೆ ಎಂದು ನನಗೆ ಗೊತ್ತಾಗಿತ್ತು. ತಲೆ ಸಿಡಿಯುತ್ತಿತ್ತು. ಆದರೆ ಆ ವಾರ ಒಂದು ದೊಡ್ಡ ಆರ್ಡರ್ ಹೋಗಬೇಕಿತ್ತು, ಎಲ್ಲರೂ ನಿಂತಿದ್ದರು, ನಾನೂ ನಿಂತೆ. ಎರಡು ದಿನ ಕಾದೆ. ಆ ಮಾತಿನ ಎರಡೂ ಅರ್ಥವನ್ನು ಇಟ್ಟುಕೋ, ನೀನು ಅದರಲ್ಲಿ ಜಾಣೆ.

ಬೈಯಬೇಕಾದರೆ ಬೈ. ಆದರೆ ಕಾಗದದಲ್ಲೇ ಬೈ.

ತಂಗಿ

*

ಏಪ್ರಿಲ್ 9

ಮೊಂಡಿ,

ಬೈಯುವುದಿಲ್ಲ. ಏನು ನೋಡಿದರೆ ಓಡಬೇಕು ಎಂದು ನಿನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಅಕ್ಕನೊಬ್ಬಳಿದ್ದಳು, ಅವಳು ಫೋನಿನಲ್ಲಿ "ಚೆನ್ನಾಗಿದ್ದೀನಿ" ಕೇಳಿ ಇಟ್ಟುಬಿಟ್ಟಳು. ಆ ಎರಡು ದಿನಗಳನ್ನು ಪಾಲು ಮಾಡಿಕೊಳ್ಳೋಣ. ಒಂದು ನಿನಗೆ, ಒಂದು ನನಗೆ.

ಈಗ ಹೇಳುತ್ತೇನೆ, ಗೋಡೆಗೆ ಅಂಟಿಸಿಕೋ. ಮಗು ಎಂದಿಗಿಂತ ಕಡಿಮೆ ಅಲುಗಾಡಿದರೆ ಆ ಗಳಿಗೆಯೇ ಆಸ್ಪತ್ರೆ. ತಲೆನೋವು ಬಿಡದಿದ್ದರೆ, ಕಣ್ಣು ಕತ್ತಲಿಟ್ಟರೆ, ಮೂತ್ರ ಕಡುಹಳದಿಯಾಗಿ ನೀರು ಕುಡಿದರೂ ತಿಳಿಯಾಗದಿದ್ದರೆ, ಆಗಲೂ ಆಸ್ಪತ್ರೆ. ಸಂಜೆ ನೋಡೋಣ, ನಾಳೆ ನೋಡೋಣ, ಆರ್ಡರ್ ಮುಗಿಯಲಿ ನೋಡೋಣ ಎನ್ನುವುದು ಇಲ್ಲ. ಬಾಯಾರಿಕೆಗಾಗಿ ಕಾಯದೆ ಅರ್ಧ ಗಂಟೆಗೊಮ್ಮೆ ನೀರು ಕುಡಿ. ಮನೆಯಲ್ಲಿ ಕುತ್ತಿಗೆಗೂ ಕೈಕಾಲಿಗೂ ಒದ್ದೆ ಬಟ್ಟೆ.

ಇನ್ನು ನನ್ನ ಕಥೆ. ನಿನ್ನ ಕಾಗದ ಓದಿ, "ಬಚ್ಚಲ ಬಾಗಿಲಿಗೆ ಯಾರಾದರೂ ಥರ್ಮಾಮೀಟರ್ ಹಾಕುತ್ತಾರೆಯೇ, ದಡ್ಡಿ" ಎಂದು ಬರೆಯಲು ಪೆನ್ನು ತೆಗೆದೆ. ಹಾಗೇ ತಲೆಯೆತ್ತಿದೆ. ನಮ್ಮ ವಾರ್ಡಿನ ಥರ್ಮಾಮೀಟರ್ ಕಂಡಿತು. ಅದು ತೂಗುತ್ತಿರುವುದು ಔಷಧಿ ಕೋಣೆಯ ಬಾಗಿಲ ಚೌಕಟ್ಟಿಗೆ. ಔಷಧಿ ಕೆಡಬಾರದೆಂದು ಆ ಕೋಣೆಗೆ ಎಸಿ ಇದೆ. ಬಾಗಿಲ ಸಂದಿಯಿಂದ ಹೊರಬರುವ ತಂಗಾಳಿಯಲ್ಲಿ ನಮ್ಮ ಥರ್ಮಾಮೀಟರ್ ಆರು ವರ್ಷದಿಂದ ಹಾಯಾಗಿ ಜೋಲಾಡುತ್ತಿದೆ.

ಅದನ್ನು ಕಳಚಿ ಕಿಟಕಿ ಪಕ್ಕದ ಏಳನೇ ಹಾಸಿಗೆಗೆ ಒಯ್ದೆ. ಹೆತ್ತು ಎರಡು ದಿನವಾದ ತಾಯಿ, ಪಕ್ಕದಲ್ಲಿ ಪೊಟ್ಟಣ. ಹತ್ತು ನಿಮಿಷ ಕಾದೆ. ನಲವತ್ತು.

ನಾಲ್ಕು ಮಕ್ಕಳ ಜ್ವರದಲ್ಲಿ ಸೋಂಕು ಸಿಗದಿದ್ದರೆ ಆಶ್ಚರ್ಯವೇನು? ನಾವು ಮಕ್ಕಳನ್ನು ಬೇಯಿಸಿ, ಜ್ವರ ಯಾಕೆ ಬಂತು ಎಂದು ರಕ್ತ ತೆಗೆದು ಕೇಳುತ್ತಿದ್ದೆವು. ಎಲ್ಲಿ ತೂಗುಹಾಕಬೇಕು ಎಂದು ನಿನಗೆ ನಾನು ಬರೆಯಲಿಲ್ಲ, ಯಾಕೆಂದರೆ ನನಗೇ ಆ ಪ್ರಶ್ನೆ ಹೊಳೆದಿರಲಿಲ್ಲ.

ಇಂದಿನಿಂದ ನಿಯಮ: ನಿನ್ನ ಥರ್ಮಾಮೀಟರ್ ನೀನಿರುವಲ್ಲಿ, ಹೊಟ್ಟೆಯ ಮಟ್ಟಕ್ಕೆ. ನನ್ನದು ಮಗುವಿನ ಮೂಗಿನ ಮಟ್ಟಕ್ಕೆ.

ಅಕ್ಕ

*

ಏಪ್ರಿಲ್ 21

ಅಕ್ಕ,

ಹೊಟ್ಟೆಯ ಮಟ್ಟಕ್ಕೆ ಕಟ್ಟಿದೆ. ಈಗ ಹೊಟ್ಟೆ ಎಷ್ಟು ಮುಂದಿದೆಯೆಂದರೆ ಥರ್ಮಾಮೀಟರೇ ಸರಿದು ದಾರಿ ಬಿಡುತ್ತದೆ.

ಕನ್ನಡಕದಕ್ಕ ಕೇಳಿದರು, "ಏನೇ ಇದು?" ಎಲ್ಲ ಹೇಳಿದೆ, ಎರಡು ದಿನದ ಕಥೆಯನ್ನೂ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಕತ್ತರಿಸುವ ವಿಭಾಗದಿಂದ ಸೀಮೆಸುಣ್ಣ ತಂದರು. ಆಮೇಲೆ ಹನ್ನೆರಡು ಜನ ಸರದಿಯಂತೆ ಗಂಟೆಗೊಮ್ಮೆ ಅಂಕಿಯನ್ನು ಗೋಡೆಯ ಮೇಲೆ ಬರೆದೆವು. ಒಂದು ವಾರಕ್ಕೆ ಗೋಡೆ ತುಂಬಿತು.

ಸೂಪರ್‌ವೈಸರ್ ಬಂದು ನಿಂತರು.

"ಏನಿದು ಗೋಡೆ ಮೇಲೆ?"

"ಡಿಗ್ರಿ ಸರ್," ಎಂದೆ. "ಕಾಲೇಜಲ್ಲಿ ಸಿಗ್ಲಿಲ್ಲ, ಇಲ್ಲಿ ಸಿಕ್ತು. ದಿನಾ ನಲವತ್ತೆರಡು."

"ಸೆಕೆ ಎಲ್ಲಾ ಕಡೆ ಇದೆಯಮ್ಮ. ನನ್ನ ಆಫೀಸಲ್ಲೂ ಇದೆ."

"ಹಾಗಾದ್ರೆ ವ್ಯತ್ಯಾಸ ಏನಿಲ್ವಲ್ಲ ಸರ್," ಎಂದರು ಕನ್ನಡಕದಕ್ಕ. "ನಿಮ್ಮ ಕುರ್ಚಿ ಇಲ್ಲೇ ಹಾಕ್ಕೊಳ್ಳಿ, ಒಂದೇ ಒಂದು ಗಂಟೆ. ನಾವೂ ನಿಮ್ಮನ್ನ ನೋಡ್ದಂಗಾಗುತ್ತೆ."

ಎಲ್ಲರೂ ನಕ್ಕರು. ಮರ್ಯಾದೆ ಪ್ರಶ್ನೆ, ಪಾಪ ಕೂತರು. ನಾವು ಎಂದಿನಂತೆ ಹಬೆ ಬಿಡುತ್ತಾ ಇಸ್ತ್ರಿ ಹಾಕಿದೆವು. ಹನ್ನೊಂದನೇ ನಿಮಿಷಕ್ಕೆ ಎದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಬಾಗಿಲ ತನಕ ಹೋದವರು ತಿರುಗಿ, "ಎಷ್ಟನೇ ತಿಂಗಳು?" ಎಂದರು. "ಎಂಟಕ್ಕೆ ಬಿತ್ತು ಸರ್," ಎಂದೆ. "ನನ್ನ ಮಗಳಿಗೂ ಎಂಟು," ಎಂದು ಹೋದರು.

ಕೆಳಗೆ ನೆಲಮಾಳಿಗೆಯಲ್ಲಿ ಬಟ್ಟೆ ಗೋದಾಮು ಇದೆ. ಬಣ್ಣ ಹೋಗಬಾರದೆಂದು ಅಲ್ಲಿ ತಂಪು. ಸೋಮವಾರದಿಂದ ಮಡಿಸುವ ಮೇಜುಗಳನ್ನು ಅಲ್ಲಿಗೆ ಇಳಿಸಿದ್ದಾರೆ. ಹನ್ನೊಂದರಿಂದ ನಾಲ್ಕರವರೆಗೆ ಬಸುರಿಯರೂ ಎಳೆಮಕ್ಕಳ ತಾಯಂದಿರೂ ಅಲ್ಲಿ, ಕೂತು ಕೆಲಸ. ಉಳಿದವರು ಮೇಲೇ ಇದ್ದಾರೆ, ಅವರಿಗೆ ಎರಡು ದೊಡ್ಡ ಫ್ಯಾನು, ಮೇಜಿನ ಬಳಿಯೇ ನೀರು. ಸಾಲದು. ಗೋಡೆಯ ಮೇಲೆ ಇನ್ನೂ ಬರೆಯುತ್ತಿದ್ದೇವೆ.

ಮಡಿಸುವ ಮೇಜಿನ ಬಗ್ಗೆ ನಾನು ಹೇಳಿದ್ದ ಸುಳ್ಳು ಐದು ವಾರ ತಡವಾಗಿ ನಿಜವಾಯಿತು.

ತಂಗಿ

*

ಮೇ 4

ಡಿಗ್ರಿ ಪಡೆದ ತಂಗಿಗೆ ಅಭಿನಂದನೆ,

ನನ್ನ ಕಡೆ ಕೆಲಸ ಅಷ್ಟು ಸಲೀಸಾಗಿಲ್ಲ. ಮೊದಲು ಪೊಟ್ಟಣದಜ್ಜಿ.

"ಮಗು ಬೆಚ್ಚಗಿರ್ಬೇಕು ಸಿಸ್ಟರಮ್ಮ. ನಲವತ್ತು ವರ್ಷದಿಂದ ಸುತ್ತಿದೀನಿ, ಒಂದೂ ಬಿಚ್ಚಿಲ್ಲ" ಎಂದರು. ವಾದ ಮಾಡಲಿಲ್ಲ. ಒಂದು ಮಗುವಿನ ಪಕ್ಕ ಬಟ್ಟೆಯೊಳಗೆ ಥರ್ಮಾಮೀಟರ್ ಇಟ್ಟು, ಹತ್ತು ನಿಮಿಷಕ್ಕೆ ಅವರ ಕೈಯಿಂದಲೇ ತೆಗೆಸಿದೆ. ಕೋಣೆಗಿಂತ ಹೆಚ್ಚು. ಅಜ್ಜಿ ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. "ಚಳಿಗಾಲದ ಕೆಲ್ಸಾನ ಬೇಸಿಗೇಲೂ ಮಾಡ್ಬಿಟ್ನಲ್ಲಮ್ಮ" ಎಂದು ಅಲ್ಲೇ ಕೂತು ಒಂದೊಂದೇ ಪೊಟ್ಟಣ ಬಿಚ್ಚಿದರು. ಈಗ ವಾರ್ಡಿನ ತುಂಬ ಬರಿಮೈಯ ಮಹಾರಾಜರು. ತಾಯಂದಿರಿಗೆ ನೀರು, ಮಕ್ಕಳಿಗೆ ಪದೇ ಪದೇ ಹಾಲು. ಮೂರು ದಿನದಲ್ಲಿ ಹೊಸ ಜ್ವರ ಒಂದೇ, ಅದು ನಿಜವಾದ ಸೋಂಕು. ಬೇಗ ಕಂಡುಹಿಡಿದರು, ಯಾಕೆಂದರೆ ಸುಳ್ಳು ಜ್ವರಗಳ ಗದ್ದಲ ಇರಲಿಲ್ಲ.

ಆದರೂ ತಾರಸಿ ತಾರಸಿಯೇ. ನೆಲಮಹಡಿಯ ಉತ್ತರಕ್ಕೆ ಹಳೆಯ ಕಡತಗಳ ದೊಡ್ಡ ಕೋಣೆ ಇದೆ, ಮಧ್ಯಾಹ್ನವೂ ಮೂವತ್ತು. ವಾರ್ಡನ್ನು ಅಲ್ಲಿಗೆ ಇಳಿಸಿ, ಕಡತಗಳನ್ನು ಮೇಲೇರಿಸಿ ಎಂದು ಆಡಳಿತಾಧಿಕಾರಿಯನ್ನು ಕೇಳಿದೆ. ತಾಪ ಇಳಿಸಿ ಎಂದರೆ ಸಂತಾಪ ಸೂಚಿಸಿದರು. ಆಮೇಲೆ ರಿಜಿಸ್ಟರ್ ತೆಗೆದರು.

"ಸಿಸ್ಟರ್, ಆರು ವರ್ಷದಿಂದ ಮೂವತ್ತೊಂದು ಅಂತ ನೀವೇ ಬರ್ದಿದ್ದೀರಲ್ಲ. ಈಗ ನಲವತ್ತು ಅಂತೀರಿ. ನಾನು ಯಾವ ಸಿಸ್ಟರನ್ನ ನಂಬ್ಲಿ?"

ನನ್ನದೇ ಮುದ್ದಾದ ಅಕ್ಷರ ನನ್ನ ಎದುರಿಗೆ ಸಾಕ್ಷಿ ಹೇಳುತ್ತಿತ್ತು. ಉತ್ತರ ಒಂದೇ ಇತ್ತು. ಅಲ್ಲೇ ಕೂತು ಬರೆದುಕೊಟ್ಟೆ: "ಆರು ವರ್ಷ ನಾನು ಬರೆದದ್ದು ಔಷಧಿ ಕೋಣೆಯ ಬಾಗಿಲಿನ ತಾಪ, ತಾಯಿ ಮಕ್ಕಳದ್ದಲ್ಲ. ತಪ್ಪು ನನ್ನದು. ಬಿಸಿಲು ಮಾತ್ರ ನಿಜ." ಸಹಿ, ತಾರೀಕು. ವಿಚಾರಣೆ ಎಂದಿದ್ದಾರೆ. ಇರಲಿ ಬಿಡು, ಚೆನ್ನಾಗಿದ್ದೀನಿ.

(ಈ ಕೊನೆಯ ಪದವನ್ನು ನಂಬಬೇಡ. ನಿನ್ನಿಂದ ಕಲಿತದ್ದು.)

ಅಕ್ಕ

*

ಮೇ 15

ಅಕ್ಕ,

ಮೊದಲು ಕೊನೆಯ ಸಾಲು ಓದು, ಆಮೇಲೆ ಇಲ್ಲಿಂದ ಶುರುಮಾಡು.

ಕಳೆದ ಗುರುವಾರ ಬೆಳಿಗ್ಗೆ ಹತ್ತೂವರೆ, ಇನ್ನೂ ಇಸ್ತ್ರಿ ಮೇಜಿನಲ್ಲಿದ್ದೆ. ತಲೆ ಭಾರ. ಎದ್ದಾಗಿನಿಂದ ಒಳಗಿನವರು ಎರಡೇ ಸಲ ಅಲುಗಾಡಿದ್ದರು. ಸ್ವಲ್ಪ ನೋಡೋಣ ಎಂದು ಮನಸ್ಸಿಗೆ ಬಂತು. ಹೋದ ವರ್ಷವೂ ಇದೇ ಮೇಜು, ಇದೇ "ಸ್ವಲ್ಪ". ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಹೊರಟೆ. "ಏಯ್, ಎಲ್ಲಿಗೆ?" ಎಂದರು ಸೂಪರ್‌ವೈಸರ್. ನನಗಿಂತ ಮೊದಲು ಕನ್ನಡಕದಕ್ಕ, "ಆಸ್ಪತ್ರೆಗೆ! ಗೋಡೆ ನೋಡಿ ಸರ್!" ಎಂದು ನನ್ನ ಕೈಹಿಡಿದು ಮೆಟ್ಟಿಲಿಳಿಸಿದರು.

ನೀರಿನಂಶ ಬಹಳ ಕಡಿಮೆಯಾಗಿದೆ ಎಂದು ಡ್ರಿಪ್ ಹಾಕಿ, ತಣ್ಣಗಿನ ಕೋಣೆಯಲ್ಲಿ ಎಡಮಗ್ಗುಲಿಗೆ ಮಲಗಿಸಿ, ಹೊಟ್ಟೆಗೆ ಎದೆಬಡಿತ ಕೇಳಿಸುವ ಪಟ್ಟಿ ಕಟ್ಟಿದರು. ಪಕ್ಕದ ಯಂತ್ರದಿಂದ ಸದ್ದು ಬಂತು. ಕುದುರೆ ಓಡಿದ ಹಾಗೆ. ಕನ್ನಡಕದಕ್ಕ ಕೇಳಿದರು, "ಡಾಕ್ಟ್ರೇ, ಇದು ಇವಳದಾ, ಮಗೂದಾ?" "ಮಗೂದು." "ಹಾಗಾದ್ರೆ ಇನ್ನೂ ಸ್ವಲ್ಪ ಹೊತ್ತು ಕೇಳಿಸಿ."

ಎರಡು ದಿನ ಇಟ್ಟುಕೊಂಡು ಕಳಿಸಿದರು. "ಒಂದು ದಿನ ಬಿಟ್ಟು ಬಂದಿದ್ರೆ ನಾನೇನೂ ಹೇಳೋಕಾಗ್ತಿರ್ಲಿಲ್ಲ" ಎಂದು ಡಾಕ್ಟರು ಅಂದರು. ಅದರರ್ಥ ನಾನು ಕೇಳಲಿಲ್ಲ.

ನಾನು ಬಿಟ್ಟುಹೋದ ಅಂಗಿ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರಕ್ಕೆ ಸುಟ್ಟಿತ್ತು. ಸೂಪರ್‌ವೈಸರ್ ಅದನ್ನು ಕಾಗದದಲ್ಲಿ ಸುತ್ತಿ ಕನ್ನಡಕದಕ್ಕನ ಕೈಯಲ್ಲಿ ನನಗೇ ಕಳಿಸಿದ್ದಾರೆ. ಒಳ್ಳೆ ಹತ್ತಿ, ತೆಳ್ಳಗಿದೆ. ಸುಟ್ಟ ಜಾಗ ಬಿಟ್ಟು ಕತ್ತರಿಸಿ ಕನ್ನಡಕದಕ್ಕ ತೋಳಿಲ್ಲದ ಪುಟ್ಟ ಅಂಗಿ ಎರಡು ಹೊಲಿದಿದ್ದಾರೆ.

ನಮ್ಮ ಯಜಮಾನರು ಸುದ್ದಿ ಕೇಳಿ ಬಂದಿದ್ದಾರೆ. ಎರಡು ದಿನ ಬೆಳಗಿನ ತಂಪಿನಲ್ಲಿ ತಾರಸಿಗೆ ಬಿಳಿ ಸುಣ್ಣ ಬಳಿದರು. ಮದುವೆಯಾದಾಗಿನಿಂದ ಅವರು ಮಾಡಿದ ಅತ್ಯುನ್ನತ ಕೆಲಸ. ಹಾಸಿಗೆಯ ಬಳಿ ಮೂರು ಡಿಗ್ರಿ ಇಳಿದಿದೆ. ಹೆರಿಗೆಯ ತನಕ ರಜೆ ಹಾಕಿದ್ದೇನೆ.

ಕೊನೆಯ ಸಾಲು: ಇಬ್ಬರೂ ಇದ್ದೇವೆ, ಇದನ್ನು ಬರೆಯುವಾಗಲೂ ಒಬ್ಬರು ಒದೆಯುತ್ತಿದ್ದಾರೆ.

*

ಮೇ 23

ನನ್ನ ಮೊಂಡಿಗೆ,

ಕೊನೆಯ ಸಾಲನ್ನು ಮೊದಲು ಓದಿದೆ. ಮೊದಲಿನಿಂದ ಓದಿ ಮುಗಿಸಿದ ಮೇಲೆ ಮತ್ತೆ ಅದನ್ನೇ ಓದಿದೆ. ಪೊಟ್ಟಣದಜ್ಜಿಗೂ ಓದಿ ಹೇಳಿದೆ. ಅವರು "ಮೊಂಡುತನ ಒಳ್ಳೇ ಜಾಗಕ್ಕೆ ಖರ್ಚಾಯ್ತು ಬಿಡಮ್ಮ" ಎಂದರು.

ವಾರ್ಡು ಇಳಿಯಿತು! ಆಡಳಿತಾಧಿಕಾರಿಯನ್ನು ಒಪ್ಪಿಸಿದ್ದು ನನ್ನ ವಾಕ್ಚಾತುರ್ಯವಲ್ಲ. ಏಳನೇ ಹಾಸಿಗೆಗೆ ಹೊಸದಾಗಿ ಬಂದಿದ್ದ ತಾಯಿಯ ಅತ್ತೆ. ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿಸಲು ಹೋದವರು, "ಸಾರ್, ನಿಮ್ಮ ಫೈಲುಗಳಿಗೆ ಬೆವರೋದು ಯಾವಾಗಿಂದ?" ಎಂದು ಕೇಳಿಯೇಬಿಟ್ಟರಂತೆ. ಮರುದಿನ ಅಧಿಕಾರಿ ತಾವೇ ಮೇಲೆ ಬಂದು ಏಳನೇ ಹಾಸಿಗೆಯ ಮೇಲೆ ಹತ್ತು ನಿಮಿಷ ಕೂತರು. ದೊಡ್ಡವರನ್ನು ಬಿಸಿಗೆ ಕೂರಿಸುವುದು ನಿಮ್ಮ ಫ್ಯಾಕ್ಟರಿಯ ಆವಿಷ್ಕಾರ, ಬಾಡಿಗೆ ಕೇಳಬೇಡ.

ವಿಚಾರಣೆಯೂ ಮುಗಿಯಿತು. ಎಚ್ಚರಿಕೆ ಪತ್ರ, ಜೊತೆಗೆ ಶಿಕ್ಷೆ: ಇನ್ನು ಮೇಲೆ ಎಲ್ಲ ವಾರ್ಡುಗಳ ತಾಪವನ್ನೂ, ಪ್ರತಿ ಹಾಸಿಗೆಯ ಮಟ್ಟದಲ್ಲಿ, ನಾನೇ ನಿಗಾ ವಹಿಸಿ ಬರೆಸಬೇಕು. ಶಿಕ್ಷೆ ಕೇಳಿ ಮುಖ ಬಾಡಿಸಿಕೊಳ್ಳಲು ಎಷ್ಟು ಕಷ್ಟಪಟ್ಟೆನೆಂದು ನಿನಗೆ ಗೊತ್ತಿಲ್ಲ.

ಒಂದು ಮಾತು ನಾನೂ ಬಚ್ಚಿಟ್ಟಿದ್ದೆ. ಆರು ವರ್ಷದ ಹಳೆಯ ರಿಜಿಸ್ಟರುಗಳನ್ನು ಮೇಲೆ ಸಾಗಿಸುವಾಗ ಬೇಸಿಗೆಯ ಪುಟಗಳನ್ನು ತಿರುವಿದೆ. ಒಂದು ಕಡೆ ಮೂವತ್ತೊಂದು, ಮೂವತ್ತೊಂದು. ಇನ್ನೊಂದು ಕಡೆ ಜ್ವರ ಬಂದ ಮಕ್ಕಳ, ಉಳಿಯದ ಮಕ್ಕಳ ಪಟ್ಟಿ. ಎಷ್ಟು ಎಂದು ಎಣಿಸಿದೆ, ಬರೆಯುವುದಿಲ್ಲ. ಆ ಸಂಖ್ಯೆ ನನ್ನ ಪಾಲಿನ ದಿನ. ಅದಕ್ಕೇ ಇನ್ನು ಯಾವ ಬೇಸಿಗೆಯಲ್ಲೂ ನಾನು ಬಾಗಿಲ ಬಳಿ ನಿಲ್ಲುವುದಿಲ್ಲ.

ಅಕ್ಕ

*

ಜೂನ್ 16

ದೊಡ್ಡಮ್ಮನಿಗೆ,

ಹೌದು, ಬಡ್ತಿ. ಫೋನಿನಲ್ಲಿ ನಮ್ಮ ಯಜಮಾನರು ಹೇಳಿದ್ದಾರೆ, ಆದರೂ ಕಾಗದದ ಮಾತೇ ಬೇರೆ.

ಮಂಗಳವಾರ ಬೆಳಿಗ್ಗೆ ನಮ್ಮ ಎರಡನೇ ಮಗಳು ಬಂದಳು. ಎರಡನೆಯವಳು ಎಂದೇ ಬರೆಯುತ್ತೇನೆ, ಮೊದಲನೆಯವಳನ್ನು ನಾನು ಎಣಿಕೆಯಿಂದ ತೆಗೆದಿಲ್ಲ. ತಿಂಗಳು ತುಂಬಿ, ತೂಕ ತುಂಬಿ, ಗಂಟಲು ತುಂಬಿ ಬಂದಿದ್ದಾಳೆ. ಚರ್ಚಾಸ್ಪರ್ಧೆಯ ಪೆನ್ನು ಮುಂದೆ ಯಾರಿಗೆ ಹೋಗಬೇಕೆಂದು ಕಿರುಚಿಯೇ ತಿಳಿಸಿದಳು.

ಪಕ್ಕದ ಮನೆಯವರು "ಈ ಸೆಕೇಲಿ ಮಗೂಗೆ ಒಂದು ಚಮಚ ನೀರು ಹಾಕೇ" ಎಂದರು. "ನೀರು ನಂಗೆ ಕೊಡಿ, ನಾನು ಅದನ್ನ ಹಾಲು ಮಾಡಿ ಕೊಡ್ತೀನಿ" ಎಂದೆ. ಆರು ತಿಂಗಳು ಅವಳಿಗೆ ಎದೆಹಾಲು ಮಾತ್ರ, ನಿನ್ನ ಅಪ್ಪಣೆಯಂತೆ. ತೊಟ್ಟಿಲ ಮೇಲೆ ಬಟ್ಟೆ ಮುಚ್ಚುವುದಿಲ್ಲ. ಕನ್ನಡಕದಕ್ಕ ಹೊಲಿದ ಅಂಗಿ ತೊಟ್ಟಿದ್ದಾಳೆ. ಒಂದು ಅಂಚಿನಲ್ಲಿ ಸುಟ್ಟ ಕಂದು ಗೆರೆ ಕೂದಲೆಳೆಯಷ್ಟು ಉಳಿದುಬಿಟ್ಟಿದೆ. ಬಿಚ್ಚಿ ಹೊಲಿಯುತ್ತೇನೆ ಎಂದರು, ಬೇಡ ಎಂದೆ.

ಅವರು ಇನ್ನೂ ಗೋಡೆಯ ಮೇಲೆ ಬರೆಯುತ್ತಿದ್ದಾರಂತೆ. ಈ ವಾರ ಮೂವತ್ತಾರು. ಸೂಪರ್‌ವೈಸರ್ ತಾವೇ ಸೀಮೆಸುಣ್ಣದ ಡಬ್ಬಿ ತಂದಿಟ್ಟಿದ್ದಾರೆ.

ಥರ್ಮಾಮೀಟರ್ ಈಗ ತೊಟ್ಟಿಲ ಪಟ್ಟಿಗೆ, ಅವಳ ಮೂಗಿನ ಮಟ್ಟಕ್ಕೆ ತೂಗುತ್ತಿದೆ. ಇಪ್ಪತ್ತೊಂಬತ್ತು. ನಮ್ಮ ಯಜಮಾನರನ್ನೂ ಕರೆದು ಓದಿಸಿದೆ, ಇಪ್ಪತ್ತೊಂಬತ್ತೇ.

ಮೇಲೆ "ಎರಡನೇ ಮಗಳು" ಎಂದು ಬರೆದ ಕಡೆ ಶಾಯಿ ಹರಡಿದೆ, ನೋಡು. ಇಪ್ಪತ್ತೊಂಬತ್ತು ಡಿಗ್ರಿಯಲ್ಲಿ ನಾನು ಬೆವರುವವಳಲ್ಲ.

ನಿನ್ನ ಮೊಂಡಿ